ಉಜ್ಜಿ ತೆಗೆದ ಪಾಠ

ನಮ್ಮೂರ ತಾಮ್ರದ ಗಣಿ ನನ್ನಪ್ಪನ ಕಾಲಕ್ಕೇ ಮುಚ್ಚಿತ್ತು. ಉಳಿದದ್ದು ಬ್ಯಾಂಡ್ ಒಂದೇ. ಅದನ್ನು ಕಟ್ಟಿದವನು ಸೈಲಸ್ ಎಂಬ ಗಣಿಯಾಳು. ಅವನು ಪಾಳಿ ಮುಗಿಸಿ ಬಂದ ಹುಡುಗರಿಗೆ, ಪ್ರಾರ್ಥನಾಮಂದಿರದ ಹಿಂದೆ, ಕಾರ್ನೆಟ್ ಎಂಬ ಗಿಡ್ಡ ತುತ್ತೂರಿಯನ್ನು ಅಚ್ಚಾದ ಪಾಠದ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಕಲಿಸುತ್ತಿದ್ದನಂತೆ. ಸ್ವರ ಓದಲು ಬಾರದವರಿಗಾಗಿ ಪ್ರತಿ ಸ್ವರದ ಕೆಳಗೂ ಯಾವ ಗುಂಡಿ ಒತ್ತಬೇಕೆಂದು ಪೆನ್ಸಿಲಿನಲ್ಲಿ ಅಂಕಿ ಬರೆದಿದ್ದ. ಅಂಚಿನಲ್ಲಿ ಹುಡುಗರ ಹೆಸರು, ಪಾಠ ಒಪ್ಪಿಸಿದ ದಿನ. ನನಗೂ ಸ್ವರ ಓದಲು ಬಾರದು. ನಾನು ದೊಡ್ಡ ಡೋಲು ಹೊಡೆಯುವವನು.

ಆ ಪುಸ್ತಕ ಈಗ ಸೈಲಸ್‌ನ ಮರಿಮಗಳು ತಾಮ್ಸಿನ್‌ಳ ಬೀರುವಿನಲ್ಲಿ, ದಿಂಬಿನ ಚೀಲದೊಳಗಿತ್ತು. ಆಕೆಗೂ ಎಪ್ಪತ್ತು ದಾಟಿದೆ, ಮಕ್ಕಳಿಲ್ಲ. ತನ್ನ ನಂತರ ಅದು ಅಡಿಲೇಡಿನ ಸಂಗ್ರಹಾಲಯದಲ್ಲಿ ಮುತ್ತಾತನ ಹೆಸರು ಹೊತ್ತು ಇರಬೇಕೆಂಬುದೊಂದೇ ಆಕೆಯ ಆಸೆ. ಆಕೆಯ ಪತ್ರಕ್ಕೆ ಅಲ್ಲಿಯವರು, ಹಳೆಯ ಸಂಗೀತದ ಪುಸ್ತಕಗಳ ಕಾಲ ಮತ್ತು ಬೆಲೆ ಹೇಳುವ ಆಸ್ಲೆಟ್ ಎಂಬವರನ್ನು ಕಳಿಸುತ್ತೇವೆ, ಅವರು ಒಪ್ಪಿದರೆ ಇಡುತ್ತೇವೆ ಎಂದು ಬರೆದರು.

ಅವರು ಬರುವುದಕ್ಕೆ ಮುಂಚಿನ ವಾರ ತಾಮ್ಸಿನ್ ಅದನ್ನು ಬ್ಯಾಂಡಿನ ಹಾಲ್‌ಗೆ ತಂದು ತೋರಿಸಿದಳು. ನಮ್ಮ ಬ್ಯಾಂಡ್ ನಡೆಸುವ ಕ್ಲಾರಿ ಹಾಳೆ ತಿರುವಿ ನಕ್ಕ.

"ಇದೇನೇ, ಕೋಳಿ ಕೆದರಿದ ಹಾಗಿದೆ! ಪಟ್ಟಣದವರು ನೋಡಿದ್ರೆ, ಈ ಗಣಿ ಜನ ಇನ್ನೂ ಕೈ ತೊಳೆಯೋದು ಕಲಿತಿಲ್ಲ ಅಂತಾರೆ."

"ಹಾಗಂತೀಯಾ?"

"ಮತ್ತೆ? ದಿನಾ ಹೊಸ್ತಿಲು ಉಜ್ಜೋಳು ನೀನು. ಇದನ್ನ ಹೀಗೇ ಕೊಡ್ತೀಯಾ? ಊರ ಮಾನ ಕಣೇ."

ಎಲ್ಲರೂ ನಕ್ಕರು. ಅವಳ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿ, "ನೀನೇನಂತೀಯಾ ಪ್ಯಾಸ್ಕೋ?" ಎಂದಳು.

"ಒರೆಸಿದ್ರೆ ಚೆನ್ನಾಗೇ ಕಾಣುತ್ತೆ ಬಿಡು," ಎಂದೆ.

ಕಾಗದಕ್ಕೆ ರಬ್ಬರು ಒರಟು. ನಮ್ಮ ಹೆಂಗಸರು ಬ್ರೆಡ್ಡಿನ ಮೆದು ತಿರುಳನ್ನು ಉಂಡೆ ಮಾಡಿ ಉಜ್ಜುತ್ತಾರೆ. ಗೋಡೆಗೆ ಅಂಟಿಸಿದ ಕಾಗದವನ್ನು ಹಾಗೇ ಬೆಳಗುವುದು. ತಾಮ್ಸಿನ್ ಆ ವಾರವೆಲ್ಲ ಅಡುಗೆಮನೆಯಲ್ಲಿ ಕೂತು ಪುಟ ಪುಟವನ್ನೂ ಉಜ್ಜಿದಳು.

ಶನಿವಾರ ಆಸ್ಲೆಟ್ ಹಾಲ್‌ಗೆ ಬಂದರು. ನಾವೆಲ್ಲ ಇಸ್ತ್ರಿ ಮಾಡಿದ ಅಂಗಿ ಹಾಕಿ ಸಾಲಾಗಿ ಕೂತಿದ್ದೆವು. ತಾಮ್ಸಿನ್ ಕೇಸರಿ ಹಾಕಿದ ಕೇಕ್ ಕೊಯ್ದಿಟ್ಟಿದ್ದಳು. ಅವರು ಅದನ್ನು ಮುಟ್ಟದೆ ಮೊದಲು ಪುಸ್ತಕ ಬಿಡಿಸಿದರು.

"ಇಂಥ ಪುಸ್ತಕದಲ್ಲಿ ವರ್ಷ ಅಚ್ಚು ಹಾಕ್ತಿರಲಿಲ್ಲ," ಎಂದರು. "ಹಳೇದು ಅಂತ ಗೊತ್ತಾದ್ರೆ ಯಾರು ಕೊಳ್ತಾರೆ? ಅಚ್ಚು ಹಾಕಿದ ಅಂಗಡಿ ವಿಳಾಸ ನೋಡಿ ಲೆಕ್ಕ ಹಾಕ್ಬೇಕು. ಲಂಡನ್ನಿನ ಈ ಬೀದೀಲಿ ಅವರು ಸ್ವಲ್ಪ ವರ್ಷವೇ ಇದ್ದದ್ದು."

ಆಮೇಲೆ ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಆದ್ರೆ ಹಳೇ ಅಚ್ಚಿನ ತಗಡಿನಿಂದಲೇ ಎಷ್ಟೋ ಕಾಲ ಹೊಸ ಪ್ರತಿ ಒತ್ತುತ್ತಿದ್ರು. ಕಾಗದ ಆಮೇಲಿನದು. ಇಂಥವು ಬೇಕಾದಷ್ಟು ಸಿಗ್ತವೆ. ನಮ್ಮಲ್ಲೇ ಇದೆ. ನಾನು ಬಂದಿದ್ದು ಪತ್ರದಲ್ಲಿ ಓದಿದ ಆ ಕೈಬರಹಕ್ಕೆ. ಗಣಿಯಾಳು ಗಣಿ ಹುಡುಗರಿಗೆ ಬರೆದ ಪಾಠ, ದಿನದ ಸಮೇತ. ಅಂಥದ್ದು ನಾನು ಎಲ್ಲೂ ನೋಡಿಲ್ಲ. ಎಲ್ಲಿ ಅದು?"

ಅವರು ಹಾಳೆಯನ್ನು ವಾರೆ ಮಾಡಿ ಬೆರಳಾಡಿಸಿದರು. ಎಳೆಯಷ್ಟು ಗೀರು ಬಿಟ್ಟರೆ ಅಲ್ಲೇನೂ ಇರಲಿಲ್ಲ.

"ಯಾರು ಉಜ್ಜಿದ್ದು?"

ಆ ಸಾಲಿನಲ್ಲಿದ್ದವರೆಲ್ಲ ತಾಮ್ಸಿನ್‌ಳ ಕಡೆ ನೋಡಿದೆವು. ನಾನೂ ನೋಡಿದೆ.

"ನಾನೇ," ಎಂದಳು. ಆಮೇಲೆ ಕ್ಲಾರಿಯ ಕಡೆ ನೋಡಿದಳು. ಅವನು ಕಾರ್ನೆಟ್ಟಿನ ಗುಂಡಿಗಳಿಗೆ ಎಣ್ಣೆ ಬಿಡುತ್ತಿದ್ದ. ನನ್ನ ಕಡೆ ನೋಡಿದಳು. ನಾನು ಬಾಯಿ ತುಂಬ ಕೇಕ್ ಇಟ್ಟುಕೊಂಡೆ.

"ಕೊಳಕಾಗಿ ಕಾಣ್ತಿತ್ತು, ಸ್ವಾಮಿ," ಎಂದಳು. "ನನಗೆ ಎಲ್ಲಾ ಬಾಯಿಪಾಠ. ಚಿಕ್ಕೋಳಿದ್ದಾಗ ಅದನ್ನೇ ನೋಡಿ ಕಲಿತದ್ದು. ಮತ್ತೆ ಬರೆದುಕೊಡ್ಲಾ? ಹಾಗೇ ಬರೀತೀನಿ, ಒಂದು ಅಂಕಿನೂ ತಪ್ಪೋದಿಲ್ಲ."

ಹಿಂದೆ ಕೂತವರು ಯಾರೋ ಕಿಸಕ್ಕೆಂದರು. ಆಸ್ಲೆಟ್ ನಗಲಿಲ್ಲ.

"ಅದು ಅವನ ಬರಹ ಆಗೋದಿಲ್ಲಮ್ಮ," ಎಂದರು ಮೆಲ್ಲಗೆ. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿದರು. ಬೈದಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳೇನೋ.

ತಾಮ್ಸಿನ್ ಪುಸ್ತಕ ಎದೆಗವಚಿಕೊಂಡು ಹಿಂದಿನ ಬಾಗಿಲಿಂದ ಹೋದಳು. ಅವಳು ಹೋದ ಮೇಲೆ ಎಲ್ಲರಿಗೂ ಬಾಯಿ ಬಂತು. "ಪಾಪ, ಕೇಳಬಾರದಿತ್ತಾ ಒಂದು ಮಾತು," ಎಂದ ಕ್ಲಾರಿ. ನಮ್ಮನ್ನು ಕೇಳಿಯೇ ಉಜ್ಜಿದ್ದು ಎಂದು ನಾನಾದರೂ ಅನ್ನಬೇಕಿತ್ತು. ಅನ್ನಲಿಲ್ಲ. ಆಸ್ಲೆಟ್‌ರ ಕಾರಿನ ತನಕ ಅವರ ಚೀಲ ಹೊತ್ತುಕೊಂಡು ಹೋದೆ. ಆಗಲೂ ಹೇಳಲಿಲ್ಲ.

ಮರುದಿನ ಬೆಳಗ್ಗೆ ಅವಳ ಬೇಲಿಯ ಹತ್ತಿರ ಹೋಗಿ ನಿಂತೆ. ಅವಳು ಬಟ್ಟೆ ಒಣಗಹಾಕುತ್ತಿದ್ದಳು.

"ತಾಮ್ಸಿನ್, ಉಜ್ಜು ಅಂದಿದ್ದು ನಾವೇ."

"ಗೊತ್ತು."

"ಅದನ್ನ ಹೇಳೋಣ ಅಂತಲೇ ಬಂದೆ."

ಅವಳು ಹಾಸಿಗೆಯ ಬಟ್ಟೆ ಕೊಡವಿ ಹಗ್ಗದ ಮೇಲೆ ಎಳೆದಳು. ಅದರಾಚೆ ಅವಳ ಮುಖ ಕಾಣಲಿಲ್ಲ.

"ಇಲ್ಲಿ ಯಾರಿದ್ದಾರೆ ಕೇಳೋಕೆ, ಪ್ಯಾಸ್ಕೋ? ಮನೆಗೆ ಹೋಗು."