ಕರುವಿಗಿಟ್ಟ ತೆಳಿ

ನೀರು ಬಸ್ಸಿನ ಮೂತಿಯೊಳಗೆ ಗಳಗಳ ಇಳಿಯುತ್ತಿದೆ, ಹಬೆ ಏಳುತ್ತಿದೆ, ಡ್ರೈವರ್ ಇನ್ನೊಂದು ಕೊಡಪಾನಕ್ಕೆ ಕೈ ಚಾಚುತ್ತಾನೆ, ಇದಕ್ಕೆ ಎಂಥ ಬಾಯಾರಿಕೆ ಮಾರಾಯ್ರೆ ಎಂದು ನಗುತ್ತಾನೆ, ವೇಣೂರಿನ ಏರಿನಲ್ಲಿ ಇದು ದಿನಾ ಇದ್ದದ್ದೇ ಅಂತೆ, ಬಸ್ಸಿಗೆ ನೀರು ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ — ನನ್ನ ಮಡಿಲಲ್ಲಿ ಒಂಬತ್ತು ತಿಂಗಳ ಬಾಬು, ಮೂರು ದಿನದಿಂದ ಭೇದಿ, ನಿನ್ನೆ ಬೆಳಗ್ಗಿನಿಂದ ಒಂದು ತೊಟ್ಟು ನೀರಿಲ್ಲ, ಹಾಲಿಲ್ಲ, ಬಜೆ ತೇಯ್ದು ನಾಲಗೆಗೆ ಸವರಿದ್ದು ಮಾತ್ರ, ನೀರು ಕೊಟ್ರೆ ಇನ್ನೂ ಹೋಗ್ತದೆ ದಮಯಂತಿ, ಹೊಟ್ಟೆ ಒಣಗಬೇಕು, ನಾನು ಐದು ಮಕ್ಕಳನ್ನು ಸಾಕಿದವಳು, ಪಕ್ಕದಲ್ಲಿ ಕುಳಿತ ಅತ್ತೆ ನಿನ್ನೆಯಿಂದ ಅದನ್ನೇ ಹೇಳುತ್ತಿದ್ದಾರೆ, ಸಾಕಿದ್ದು ಐದು ಸರಿ, ಹೆತ್ತದ್ದು ಏಳು, ಆ ಇಬ್ಬರಿಗೆ ಏನಾಯಿತು ಎಂದು ಕೇಳುವ ಧೈರ್ಯ ನನಗೆ ಯಾವತ್ತು ಇತ್ತು.

ನಿನ್ನೆ ಕುಚ್ಚಲಕ್ಕಿ ಗಂಜಿ ಬಸಿದು ತೆಳಿಯನ್ನು ಬಾಲ್ದಿಗೆ ಸುರಿಯುತ್ತೇನೆ, ಹಟ್ಟಿಯಲ್ಲಿ ಕರುವಿಗೂ ಹೊಟ್ಟೆ ಕೆಟ್ಟಿದೆ, ಕಾಲು ನಡುಗುತ್ತಿದೆ, ಅತ್ತೆಯೇ ಹೇಳಿದ್ದು, ತೆಳಿಗೆ ಉಪ್ಪು ಹಾಕಿ ಕೊಡು, ಪಾಪ ನಿತ್ರಾಣ ಆಗ್ತದೆ ಅದಕ್ಕೆ, ಕೊಟ್ಟೆ, ಕರು ಕುಡಿದು ಕುಡಿದು ಬಾಲ್ದಿಯ ಅಂಚು ನೆಕ್ಕುತ್ತಿದೆ, ನನ್ನ ಸೊಂಟದ ಮೇಲಿದ್ದ ಬಾಬು ಅದನ್ನೇ ನೋಡಿ ತನ್ನ ನಾಲಗೆ ಹೊರಗೆ ಚಾಚಿದ, ಬಾಲ್ದಿಯ ಕಡೆಗೆ, ಒಣಗಿದ ಸಣ್ಣ ನಾಲಗೆ, ನಾನು ಅವನ ಮುಖ ತಿರುಗಿಸಿದೆ, ನಾನೇ, ಈ ಕೈಯಿಂದಲೇ. ಇವತ್ತು ಬೆಳಗ್ಗೆ ಕರು ಬಾಲ ಎತ್ತಿ ಓಡುತ್ತಿತ್ತು. ಇವತ್ತು ಬೆಳಗ್ಗೆ ಬಾಬುವಿನ ಬಟ್ಟೆಯೂ ಒಣಗಿಯೇ ಇತ್ತು, ನಿಂತಿತು ಅತ್ತೆ, ನಿಂತಿತು ಎಂದು ಕೂಗಿಕೊಂಡೆ, ಅಳುವೂ ನಿಂತಿದೆ, ಮಲಗಿದ್ದಾನೆ, ಗುಣವಾಯಿತು, ಉಚ್ಚೆಯೂ ಹೋಗಿಲ್ಲ ಎಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ, ಎಣ್ಣೆ ಹಚ್ಚಲು ನೆತ್ತಿ ಮುಟ್ಟಿದರೆ ಬೆರಳು ಕುಳಿಗೆ ಇಳಿಯಿತು, ಆಮೇಲೆ ಮುಂಡಾಜೆಯಲ್ಲಿ ಬಸ್ಸಿಗೆ ಓಡಿದ್ದು, ಬೆಳ್ತಂಗಡಿಯಲ್ಲಿ ಡಾಕ್ಟರ ಬಾಗಿಲಿಗೆ ಬೀಗ, ಮೂಡುಬಿದಿರೆಗೆ ಹೋಗುವ ಎಂದು ಈ ಬಸ್ಸು ಹತ್ತಿದ್ದು, ಮೂಡುಬಿದಿರೆಗೆ ಇನ್ನೂ ಒಂದು ಗಂಟೆ ಉಂಟು.

ಮುಂದಿನ ಸೀಟಿನ ಬ್ಯಾರಿ ಹೆಂಗಸು ತಿರುಗುತ್ತಾಳೆ, ಜುಲೈಕಾ ಅಂತೆ, ತೋಡಾರಿನವಳು, ಮಗು ಯಾಕಮ್ಮ ಹೀಗುಂಟು, ಕಣ್ಣು ಒಳಗೆ ಹೋಗಿದೆಯಲ್ಲ, ಕುಡಿಲಿಕ್ಕೆ ಏನೂ ಕೊಡ್ಲಿಲ್ವಾ, ನನ್ನ ಸಣ್ಣವನಿಗೆ ಹೀಗೇ ಆದಾಗ ಡಾಕ್ಟರು ನನಗೆ ಬೈದದ್ದು ಬೈದದ್ದೇ, ಹೊರಗೆ ಹೋದಷ್ಟು ಒಳಗೆ ಹೋಗ್ಬೇಕು, ಮೊಲೆಹಾಲು ನಿಲ್ಲಿಸ್ಲಿಕ್ಕೇ ಇಲ್ಲ, ತೆಳಿಗೆ ಒಂದು ಚಿಟಿಕೆ ಉಪ್ಪು ಹಾಕಿ ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡ್ತಾ ಇರು ಅಂತ ಹೇಳಿದ್ರು — ತೆಳಿ, ಉಪ್ಪು, ಕರುವಿಗೆ ಕೊಡಲು ಗೊತ್ತಿದ್ದದ್ದು ಮಗುವಿಗೆ ಕೊಡಲು ಯಾಕೆ ಗೊತ್ತಾಗಲಿಲ್ಲ ಅತ್ತೆ, ಮನಸ್ಸಿನಲ್ಲೇ ಕೇಳುತ್ತಾ ಅತ್ತೆಯ ಮುಖ ನೋಡುತ್ತೇನೆ, ಅತ್ತೆ ಬೇಡ ಅನ್ನಲಿಲ್ಲ, ತಮ್ಮ ಸೆರಗನ್ನು ಬಿಚ್ಚಿ ನನಗೆ ಮರೆಯಾಗಿ ಹಿಡಿದರು.

ಹಾಲು ಕಟ್ಟಿ ಕಲ್ಲಾಗಿದೆ, ರವಿಕೆ ನಿನ್ನೆಯಿಂದ ಒದ್ದೆ, ಅವನಿಗೆ ಬಿಟ್ಟು ರವಿಕೆಗೆ ಕುಡಿಸಿದೆನಲ್ಲ, ಬಾಯಿಗೆ ಇಡುತ್ತೇನೆ, ಚೀಪುವುದಿಲ್ಲ, ಕೆನ್ನೆ ತಟ್ಟುತ್ತೇನೆ, ಬಾಬು, ಏ ಬಾಬು, ಅಂಗಾಲು ಚಿವುಟುತ್ತೇನೆ, ಕಣ್ಣು ಅರ್ಧ ತೆರೆದೇ ಇದೆ, ಹಿಂಡುತ್ತೇನೆ, ಒಂದು ಹನಿ ಕೆಳತುಟಿಯ ಮೇಲೆ ನಿಂತಿತು, ಬಸ್ಸು ಗುರ್ ಎಂದು ಹೊರಟಿತು, ಹನಿ ಅಲುಗುತ್ತಿದೆ, ಬೀಳುವುದಿಲ್ಲ, ಒಳಗೂ ಹೋಗುವುದಿಲ್ಲ, ನಾಲಗೆ ಚಾಚು ಮಗನೇ, ನಿನ್ನೆ ಚಾಚಿದೆಯಲ್ಲ, ಬಾಲ್ದಿಯ ಕಡೆಗೆ, ಹಾಗೆ ಒಮ್ಮೆ, ನಾನು ಮುಖ ತಿರುಗಿಸುವುದಿಲ್ಲ, ಆಣೆ, ತುಟಿಯ ಮೇಲೆ ಹನಿ, ಕರು ಬಾಲ್ದಿಯ ಅಂಚು ನೆಕ್ಕುತ್ತಿದೆ, ತುಟಿಯ ಮೇಲೆ ಹನಿ, ಕರು ನೆಕ್ಕುತ್ತಿದೆ, ಕರು ನೆಕ್ಕುತ್ತಿದೆ —