ಫ್ರೀಜರಿನಲ್ಲಿಟ್ಟ ಖಂಡ

ಸಿಂಧನೂರಿನಿಂದ ಅವ್ವ ಪೀರಮ್ಮ ಕಳಿಸಿದ ಕುರಿ ಖಂಡ ಲಕ್ಷ್ಮಿದೇವಿಯ ಕೈಸೇರಿದಾಗ ಇನ್ನೂ ಹಸಿಹಸಿಯಾಗಿತ್ತು. ಉಪ್ಪು, ಅರಿಶಿನ ಸವರಿ ಹಗ್ಗಕ್ಕೆ ಹಾಕಿದ ಮಾಂಸ ಒಣಗಲು ನಾಲ್ಕು ದಿನದ ಬಿಸಿಲು ಬೇಕು. ಮೋಡ ಮುಸುಕಿ ಎರಡೇ ದಿನ ಸಿಕ್ಕಿತ್ತು.

ತೊಂಬತ್ತೇಳರಲ್ಲಿ ಶಿವಾಜಿನಗರದ ಆ ವಠಾರದಲ್ಲಿ ಫ್ರಿಜ್ ಇದ್ದದ್ದು ಎದುರುಮನೆಯ ಮೆಹರುನ್ನೀಸಾಗೆ ಮಾತ್ರ. ಆಕೆಯೇ ಖಂಡವನ್ನು ಒಂದೊಂದು ಹೊತ್ತಿಗಾಗುವಷ್ಟು ಕವರಿಗೆ ತುಂಬಿ, ಗಾಳಿ ಹೊರಡಿಸಿ, ಬಾಯಿ ಬಿಗಿದು ಫ್ರೀಜರಿನಲ್ಲಿಟ್ಟಳು.

"ಬಕ್ರೀದ್ ಆದ್ಮೇಲೆ ನಾವೂ ಹಿಂಗೇ ಇಡೋದು. ಬೇಕಾದಾಗ ತಗೊಂಡ್ಹೋಗು."

ಮರುವಾರ ಲಕ್ಷ್ಮಿದೇವಿಯ ಮನೆಗೆ ಕಾಕ್ಸ್ ಟೌನಿನ ಒಬ್ಬ ಹೆಂಗಸು ಬಂದರು. ಅವರ ಮನೆಯ ಹಿಂದಿನ ಎರಡು ಕೋಣೆ ಬಾಡಿಗೆಗಿದ್ದವು, ಮಾಂಸ ತಿನ್ನುವವರಿಗೆ ಕೊಡುತ್ತಿರಲಿಲ್ಲ. ಅದನ್ನು ಕೇಳಲು ಹೋಗಿದ್ದ ಲಕ್ಷ್ಮಿದೇವಿಯ ಗಂಡ ಈರೇಶ, ನಾವು ತಿನ್ನುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದ. ಎಂಥ ಸಂಸಾರವೋ ನೋಡಿಹೋಗೋಣವೆಂದು ಅವರು ಬಂದಿದ್ದರು.

ಕಾಫಿ ಕೊಡುವಷ್ಟರಲ್ಲಿ ಬಾಗಿಲಲ್ಲಿ ಮೆಹರುನ್ನೀಸಾ ನಿಂತಿದ್ದಳು, ಕೈಯಲ್ಲಿ ನೀರು ತೊಟ್ಟಿಕ್ಕುವ ಕವರುಗಳು. "ಲಕ್ಷ್ಮೀ, ಫ್ರಿಜ್ ಕೆಟ್ಟೋಯ್ತು. ಖಂಡ ಎಲ್ಲ ಕರಗ್ತಾ ಇದೆ, ಇವತ್ತೇ ಹುರಿದ್ಬಿಡು."

"ಯಾರಮ್ಮ ಇವರು?" ಎಂದರು ಬಂದವರು.

"ಗೊತ್ತಿಲ್ಲಮ್ಮ," ಎಂದಳು ಲಕ್ಷ್ಮಿದೇವಿ. "ಯಾರ ಮನೇನೋ ಹುಡುಕ್ತಾ ಬಂದಿದಾರೆ."

ಮೆಹರುನ್ನೀಸಾ ಅವಳನ್ನೇ ನೋಡಿದಳು. ಕವರುಗಳನ್ನು ಸೆರಗಿನಡಿಗೆ ಸರಿಸಿಕೊಂಡು, "ಹೌದಮ್ಮ, ಮನೆ ತಪ್ಪಾಯ್ತು," ಎಂದು ತಿರುಗಿ ಹೋದಳು.

ಬಂದವರು ಹೋದ ಕೂಡಲೇ ಎದುರುಮನೆಗೆ ಓಡಬಹುದಿತ್ತು. ಹತ್ತು ಹೆಜ್ಜೆಯ ದಾರಿ. ಲಕ್ಷ್ಮಿದೇವಿಗೆ ಕಾಲೇ ಬರಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ನಲ್ಲಿಯ ಹತ್ತಿರ ಮೆಹರುನ್ನೀಸಾ ಕಂಡರೆ ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಒಳಗೆ ಬರುತ್ತಿದ್ದಳು.

ನಾಲ್ಕನೆಯ ದಿನ ಮೆಹರುನ್ನೀಸಾಳೇ ಹೊರಗಿನಿಂದ ಕೂಗಿದಳು. "ನಿಮ್ಮಮ್ಮ ಫೋನ್ ಮಾಡಿದಾರೆ."

ವಠಾರಕ್ಕೆಲ್ಲ ಫೋನೂ ಆ ಮನೆಯಲ್ಲೇ ಇತ್ತು. ರಿಸೀವರ್ ಹಿಡಿದಾಗ ಮೆಹರುನ್ನೀಸಾ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕುಳಿತಿದ್ದಳು.

"ಖಂಡ ಹೆಂಗಿತ್ತವ್ವ?" ಎಂದಳು ಪೀರಮ್ಮ.

ಚೆನ್ನಾಗಿತ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. "ಕೆಟ್ಟೋಯ್ತವ್ವ. ನಾನೇ ಕೆಡಿಸ್ದೆ."

"ನೀ ಏನ್ ಕೆಡಿಸ್ತಿ? ನಂದೇ ತಪ್ಪು. ಇನ್ನೆರಡು ದಿನ ಬಿಸಿಲಿಗೆ ಹಾಕಬೇಕಿತ್ತು ನಾನು."

ಫೋನಿಟ್ಟ ಲಕ್ಷ್ಮಿದೇವಿ ಆಕೆಯ ಎದುರು ಕುಳಿತಳು. "ಆಪಾ, ಅವತ್ತು..."

"ಎರಡು ದಿನ ಉಪ್ಪುನೀರಲ್ಲಿ ಹಾಕಿ ಕಾದೆ, ಬರ್ತೀಯ ಅಂತ. ಆಮೇಲೆ ನಾರ್ತು, ಎಸೆದೆ." ಮೆಹರುನ್ನೀಸಾ ಮೊರದಿಂದ ತಲೆ ಎತ್ತಲಿಲ್ಲ. "ಖಂಡ ನಂದಲ್ಲ ಅಂದಿದ್ರೆ ನಂಗೆ ಬೇಜಾರಿರಲಿಲ್ಲ ಲಕ್ಷ್ಮೀ. ನಾನೇ ಗೊತ್ತಿಲ್ಲ ಅಂದ್ಯಲ್ಲ."



ಕಾಕ್ಸ್ ಟೌನಿನ ಮನೆ ಲಕ್ಷ್ಮಿದೇವಿ, ಈರೇಶರಿಗೇ ಸಿಕ್ಕಿತು. ನಡೆದದ್ದನ್ನು ಹೇಳಿದಾಗ ಈರೇಶ, "ಹೋಗ್ಲಿ ಬಿಡು, ಮನೆ ಸಿಕ್ತಲ್ಲ," ಎಂದ. ಒಂದನೇ ತಾರೀಕು ಸಾಮಾನು ತುಂಬುವಾಗ ಮೆಹರುನ್ನೀಸಾ ಬಂದು ಟ್ರಂಕಿನ ಒಂದು ಬದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಆಟೋಗೆ ಏರಿಸಿದರು. ಲಕ್ಷ್ಮಿದೇವಿ ಆಕೆಯ ಎರಡೂ ಕೈ ಹಿಡಿದುಕೊಂಡಳು, ಮುಖ ಮಾತ್ರ ಎತ್ತಲಾಗಲಿಲ್ಲ.