ಮಡಕೆಯೊಳಗಿನ ಕೂಗು

"ಅತ್ತಿಗೇ, ಇನ್ನೂ ಕೂಗ್ತಾ ಇಲ್ವಲ್ಲ ಅದು!" ಗುಡ್ಡದ ಬುಡದಿಂದ ಮೈದುನ ಫೆರ್ಮಿನ್ ಕಿರುಚಿದ. "ಮಡಕೇನ ನೆರಳಲ್ಲಿ ಇಟ್ಕೊಂಡು ಮುದ್ದು ಮಾಡ್ತಿದೀಯೇನು?"

"ಬಿಸಿಲಲ್ಲೇ ಇದೆ ಕಣಪ್ಪಾ! ನಿನ್ನ ಬಾಯಿ ಮುಚ್ಚಿದ್ರೆ ಅದರದ್ದು ಕೇಳೀತು!" ಎಂದಳು ಇಲಾರಿಯಾ. ಕೆಳಗೆ ಕೂತವರು ನಕ್ಕರು. ಅವಳಿಗೆ ನಗು ಬರಲಿಲ್ಲ.

ಮಳೆ ತಡವಾದಾಗ ಸರೋವರದ ಕಪ್ಪೆಗಳನ್ನು ಹೊತ್ತು ಗುಡ್ಡದ ನೆತ್ತಿಯಲ್ಲಿಡುವುದು ಊರಿನ ಪದ್ಧತಿ. ಮಡಕೆಗೆ ಬೊಗಸೆ ನೀರು ಅಷ್ಟೇ. ಬಿಸಿಲಿಗೆ ಬೆಂದ ಕಪ್ಪೆ ನೀರಿಗಾಗಿ ಅಳಬೇಕು, ಆ ಅಳುವಿಗೆ ಆಕಾಶದ ದೇವರ ಕರುಳು ಚುರ್ರೆನ್ನಬೇಕು. ಮಳೆಗೆ ಮಡಕೆ ತುಂಬಿದ ಮೇಲೆ ಕಪ್ಪೆಗೆ ಬಿಡುಗಡೆ. ಹೊತ್ತವರು ಮಾತ್ರ ಮೇಲೆ, ಉಳಿದವರು ಕೆಳಗೆ ಕೋಕಾ ಎಲೆ ಜಗಿಯುತ್ತ ಕಿವಿಗೊಟ್ಟು ಕೂರುತ್ತಾರೆ. ಕಪ್ಪೆ ಮಡಕೆಯಲ್ಲೇ ಸತ್ತರೆ ಪಾಪ ಹೊತ್ತವರ ತಲೆಗೆ. ಹಿಂದೊಮ್ಮೆ ಸಿಪ್ರಿಯಾನೋ ಹೊತ್ತದ್ದು ಹಾಗೆ ಸತ್ತಾಗಿನಿಂದ ಅವನ ಹೊಲಕ್ಕೆ ದುಡಿಮೆಗೆ ದುಡಿಮೆ ತೀರಿಸುವ ಮುಯ್ಯಾಳಾಗಿ ಒಂದು ನರಪಿಳ್ಳೆಯೂ ಹೋಗಿಲ್ಲ. ಆಲೂಗಡ್ಡೆ ಮಣ್ಣಲ್ಲೇ ಕೊಳೆಯಿತು. ಈ ಸಲ ಹೊತ್ತ ಇಲಾರಿಯಾ ಗಂಡ ಸತ್ತವಳು, ಮುಯ್ಯಾಳು ಬರುವುದು ನಿಂತರೆ ಅವಳ ಗತಿಯೂ ಅದೇ.

ಮೊದಲೆಲ್ಲ ಒಂದು ಸಲ ಬಲೆ ಬೀಸಿದರೆ ಮಡಕೆ ತುಂಬುತ್ತಿತ್ತು. ಪಟ್ಟಣದ ಕೊಳಕು ನೀರು ನದಿಯಲ್ಲಿ ಇಳಿದು ಬಂದ ವರ್ಷ, ದಡದುದ್ದಕ್ಕೂ ಹೊಟ್ಟೆ ಮೇಲಾಗಿ ತೇಲಿದ ಕಪ್ಪೆಗಳನ್ನು ಬುಟ್ಟಿಗಟ್ಟಲೆ ಹೂತವಳು ಇವಳೇ. ಈ ಸಲ ಊರಿಗೆ ಊರೇ ಹುಡುಕಿದರೂ ಸಿಕ್ಕಿದ್ದು ಒಂದೇ ಒಂದು.

ಅವಳು ಇಣುಕಿದಳು. ಅಣ್ಣನ ಅಂಗಿ ತೊಟ್ಟ ತಮ್ಮನಂತೆ, ಮೈಗೆ ಹೊಂದದ ಸಡಿಲ ಚರ್ಮದ ಜೀವ. ಆ ಚರ್ಮದಿಂದಲೇ ಅದರ ಉಸಿರು, ಅದೂ ತಣ್ಣೀರಿನಲ್ಲಿ. ನೀರು ಆಗಲೇ ಬೆಚ್ಚಗಾಗಿತ್ತು. ಕಪ್ಪೆ ಉಸಿರಿಗಾಗಿ ಕಾಲೂರಿ ಮೈಯನ್ನು ಮೇಲೆ ಕೆಳಗೆ ಕುಲುಕುತ್ತಿತ್ತು. ಕುಲುಕುವುದು ನಿಧಾನವಾಯಿತು, ನಿಂತಿತು, ಮತ್ತೆ ಒಮ್ಮೆ ಕುಲುಕಿತು.

"ಅಳೇ ನನ್ನವ್ವಾ," ಎಂದಳು. "ಒಂದ್ಸಲ ಅತ್ತುಬಿಡು, ಸಾಕು."

ಅದು ಅಳಲಿಲ್ಲ. ಇದೂ ಹೋದರೆ ಮುಂದಿನ ಸಲ ಹೊರುವುದೇನನ್ನು? ಅವಳು ಮಡಕೆಯನ್ನು ಎದೆಗವಚಿಕೊಂಡು ಗುಡ್ಡದ ಆ ಬದಿ, ಸರೋವರದತ್ತ, ಬಿದ್ದು ಎದ್ದು ಓಡಿದಳು.

ಮಂಡಿಯುದ್ದ ನೀರಿಗಿಳಿದು ಕಪ್ಪೆಯನ್ನು ಅಂಗೈಯಲ್ಲಿ ಮುಳುಗಿಸಿ ಹಿಡಿದಳು. ಅದು ಅಲುಗಲಿಲ್ಲ. ಚಳಿಗೆ ಬೆರಳು ಮರಗಟ್ಟಿದವು. ಆಮೇಲೆ ಅದು ಒಂದು ಕಾಲು ಝಾಡಿಸಿತು, ಅವಳ ಬೆರಳ ಸಂದಿಯಿಂದ ಜಾರಿ ಜೊಂಡಿನ ಬುಡಕ್ಕೆ ಇಳಿದುಹೋಯಿತು.

ಖಾಲಿ ಮಡಕೆ ಹಿಡಿದು ಏದುಸಿರು ಬಿಡುತ್ತ ನೆತ್ತಿಗೆ ಮರಳಿದಾಗ ಫೆರ್ಮಿನ್ ಅರ್ಧ ಗುಡ್ಡ ಹತ್ತಿದ್ದ.

"ಎಷ್ಟು ಕೂಗಿದ್ರೂ ಉತ್ತರ ಇಲ್ಲ! ಸತ್ತೋಯ್ತಾ, ಅತ್ತಿಗೆ?"

"ಅಲ್ಲೇ ನಿಲ್ಲು! ಹೊತ್ತೋಳು ನಾನು. ನೀನು ನೋಡೋ ಹಾಗಿಲ್ಲ."

"ಊರ ಯಜಮಾನ ಕಣೇ ನಾನು. ಅದು ಅಳೋದು ಕೇಳ್ಲಿ, ಇಳಿದು ಹೋಗ್ತೀನಿ. ಇಲ್ಲಾಂದ್ರೆ ಬಂದು ನೋಡೋದೇ." ಅವನು ಇನ್ನೊಂದು ಬಂಡೆ ಹತ್ತಿದ.

ಇಲಾರಿಯಾ ಅವನಿಗೆ ಬೆನ್ನು ಮಾಡಿ ಕೂತಳು. ಮಡಕೆಯ ಬಾಯಿಗೆ ಮುಖವಿಟ್ಟು ಗಂಟಲಿನಿಂದ ಕಪ್ಪೆಯ ಹಾಗೆ ಸದ್ದು ತೆಗೆದಳು. ಮತ್ತೊಮ್ಮೆ ತೆಗೆದಳು. ಮೂರನೆಯದು ಅವಳದೇ ಅಳುವಾಗಿ ಬಂತು. ತಡೆಯಲು ಆಗಲಿಲ್ಲ.

ಹೆಜ್ಜೆ ಸದ್ದು ನಿಂತಿತು. ಫೆರ್ಮಿನ್ ಟೊಪ್ಪಿ ತೆಗೆದು ಎದೆಗೊತ್ತಿಕೊಂಡ. ಕೆಳಗೆ ಜನ ಒಬ್ಬೊಬ್ಬರಾಗಿ ಮಂಡಿಯೂರಿ ಆಕಾಶದತ್ತ ಮುಖವೆತ್ತಿದರು.